ಬೆನ್ನ ಹಿಂದಿನವನು

ಬಚ್ಚಲುಮನೆಯ ಬಾಗಿಲ ಪಟ್ಟಿಗೆ ಹಣೆ ಬಡಿದಾಗ ಅವನಿಗೆ ನೋವಾಗಲಿಲ್ಲ, ಹೇಸಿಗೆಯಾಯಿತು. ಈ ಮನೆಯಲ್ಲಿ ಎಲ್ಲವೂ ಭಾವನ ಅಳತೆಗೆ ಇದ್ದವು: ಬಾಗಿಲು, ಕನ್ನಡಿ, ಷವರು, ಆಸೆಗಳು. ನೆಟ್ಟಗೆ ನಿಂತರೆ ಕನ್ನಡಿಯಲ್ಲಿ ಅವನ ಎದೆ ಮಾತ್ರ ಕಾಣುತ್ತಿತ್ತು. ಮುಖ ನೋಡಿಕೊಳ್ಳಬೇಕೆಂದರೆ ಮಂಡಿ ಬಗ್ಗಿಸಿ, ಸೊಂಟ ಹಿಂದಕ್ಕೆ ತಳ್ಳಿ, ಇಲ್ಲದ ಸ್ಟೂಲಿನ ಮೇಲೆ ಕೂತವನಂತೆ ನಿಲ್ಲಬೇಕು. ಹಾಗೆ ನಿಂತು ಹಲ್ಲುಜ್ಜುತ್ತಿದ್ದಾಗ ಹೊಳೆಯಿತು, ಇದೇ ಭಂಗಿ. ಇವತ್ತು ನಾನೂರು ಕುರ್ಚಿಗಳ ಹಾಲ್‌ನಲ್ಲಿ ಇದೇ ಭಂಗಿಯಲ್ಲಿ, ಬ್ಯಾಸ್ಕೆಟ್‌ಬಾಲ್ ರಿಂಗ್‌ಗೆ ಬೆನ್ನು ಹಾಕಿ, ಯಾವನೋ ಕುಳ್ಳನ ಎದೆಯ ಮೇಲೆ ತನ್ನ ಹಿಂಭಾಗ ಇಟ್ಟು ಚೆಂಡಿಗಾಗಿ ಕೈ ಚಾಚಬೇಕು. ಅದನ್ನು ನೋಡುವುದಕ್ಕೆಂದೇ ಯೂನಿವರ್ಸಿಟಿ ತಂಡದ ಆಯ್ಕೆಗಾರರು ಇಬ್ಬರು ಬರುತ್ತಾರೆ. ಆಯ್ಕೆಯಾದರೆ ಮುಂದಿನ ವರ್ಷ ಯೂನಿವರ್ಸಿಟಿ ಹಾಸ್ಟೆಲು, ಎತ್ತರದ ಬಾಗಿಲುಗಳು. ಆಗದಿದ್ದರೆ ಈ ಕನ್ನಡಿ. ಬಾಯಲ್ಲಿದ್ದ ನೊರೆಯನ್ನು ಅವನು ಕನ್ನಡಿಗೇ ಉಗಿಯಬೇಕೆಂದುಕೊಂಡು, ಒರೆಸುವವಳು ಅಕ್ಕನೆಂದು ನೆನಪಾಗಿ ಬೇಸಿನ್ನಿಗೆ ಉಗಿದ.

"ಇನ್ನೂ ಎಷ್ಟ್ ಹೊತ್ತೋ ಬಟಾಣಿ? ನಿಮ್ ಭಾವ ಕಾಯ್ತಿದಾರೆ," ಅಂದಳು ಅಕ್ಕ ಹೊರಗಿನಿಂದ.

"ಹಂಗೆ ಕರೀಬೇಡ ಅಂದಿದೀನಲ್ಲಕ್ಕ."

"ಬಾಗಿಲು ತೆಗಿ, ಏನಂತ ಕರೀಬೇಕೋ ಬರಕೊಡುವಂತೆ."

ಹದಿನಾರರವರೆಗೆ ಅವನು ಬಟಾಣಿಯೇ. ತರಗತಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ, ಚೆಂಡು ಬಡಿಯುತ್ತ ದೊಡ್ಡವರ ಕಾಲುಗಳ ನಡುವೆ ನುಸುಳುತ್ತಿದ್ದ ಕಾಳು. ಆಮೇಲೆ ಒಂದೇ ವರ್ಷದಲ್ಲಿ, ಯಾರೋ ತಲೆ ಹಿಡಿದು ಎಳೆದಂತೆ ಮೊಳದುದ್ದ ಬೆಳೆದ. ಮೂಳೆಗಳು ನೋಯುತ್ತಿದ್ದವು. ಪ್ಯಾಂಟುಗಳು ಅವಮಾನಗಳಂತೆ ಒಂದೊಂದಾಗಿ ಮೇಲೇರಿದವು. ಆದರೆ ಕುಳ್ಳನಾಗಿದ್ದಾಗ ಕಲಿತ ಕೈ ಹಾಗೇ ಉಳಿಯಿತು, ಚೆಂಡು ಅಂಗೈಗೆ ಅಂಟಿಕೊಂಡೇ ಇತ್ತು. ಕಾಲೇಜಿಗೆ ಬಂದಾಗ ಕಂಬವೊಂದು ಕುಳ್ಳನ ಹಾಗೆ ಚೆಂಡು ಬಡಿಯುತ್ತ ಬರುವುದನ್ನು ನೋಡಿ ಹುಡುಗರು ಬಾಯಿ ಬಿಟ್ಟಿದ್ದರು. ಕಂಬ ಎಂದೇ ಹೆಸರು ಬಿತ್ತು. ಆ ಹೆಸರು ಅವನಿಗೆ ಇಷ್ಟ. ಕಂಬಕ್ಕೆ ಬಾಲ್ಯವಿರುವುದಿಲ್ಲ.

ಕಾರಿನಲ್ಲಿ ಅವನ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಕಾರಿನಲ್ಲೇ ಇರುತ್ತಾನೆ, ಆದರೆ ಓಡಿಸುವವರು ಬೇರೆಯವರು. ಅವನ ಪಾಲಿಗಿರುವುದು ಪಕ್ಕದ ಸೀಟು, ಅದರ ಕೆಳಗೆ ಮೇಷ್ಟ್ರಿಗೆಂದೇ ಕೂರಿಸಿದ ಇನ್ನೊಂದು ಬ್ರೇಕು. ಸ್ಟಿಯರಿಂಗ್ ಇಲ್ಲ, ವೇಗವಿಲ್ಲ. ಪಕ್ಕದವನು ತಪ್ಪು ಮಾಡಿದಾಗ ತುಳಿಯಲು ಒಂದು ಪೆಡಲು. ಇಂಥವನೊಬ್ಬ ತನ್ನ ಅಕ್ಕನಿಗೆ ಗಂಡನಾದದ್ದು ಅವನಿಗೆ ಇನ್ನೂ ಒಗಟು. ಮನಸ್ಸಿನಲ್ಲಿ ಭಾವನಿಗೆ ಏಕವಚನ, ಬಾಯಲ್ಲಿ ಬಹುವಚನ. ಊಟ ಹಾಕುವವರ ಜೊತೆ ಬದುಕುವ ಪದ್ಧತಿ ಇದು. ಈಗ ಸ್ವತಃ ಓಡಿಸುತ್ತಿದ್ದರೂ ಭಾವ ಶಿಷ್ಯನಂತೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಪ್ರತಿ ತಿರುವಿನಲ್ಲೂ ಸಿಗ್ನಲ್ ಹಾಕಿ, ಹಾಡು ಗುನುಗುತ್ತಿದ್ದ.

"ಏನ್ ಭಾಮೈದ, ಇವತ್ತು ಹೀರೋ ಎಂಟ್ರಿ ಹೆಂಗೆ? ಮೊದಲು ಬೆನ್ನು ತೋರಿಸಿ ಆಮೇಲೆ ನಿಧಾನಕ್ಕೆ ತಿರುಗೋದಾ?"

"ಅದು ಪೋಸ್ಟ್ ಪ್ಲೇ ಭಾವ."

"ಏನೋ ಒಂದು. ನಮ್ ಕಾಲದಲ್ಲಿ ಹೀರೋಗಳೆಲ್ಲ ಬೆನ್ನು ತೋರಿಸೇ ಬರ್ತಿದ್ರು. ಕ್ಯಾಮೆರಾ ಕಾಲಿಂದ ಶುರುವಾಗೋದು. ನಿನ್ ಕಾಲಿಂದ ಶುರು ಮಾಡಿದ್ರೆ ಮುಖಕ್ಕೆ ಬರೋಷ್ಟರಲ್ಲಿ ಇಂಟರ್‌ವಲ್ಲು."

ಅಕ್ಕ ಹಿಂದಿನ ಸೀಟಿನಲ್ಲಿ ನಕ್ಕಳು. ಅವನು ನಗಲಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆ ಬರುತ್ತಿತ್ತು, ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು. ಮುಖ ಮುಂದಕ್ಕಿಟ್ಟುಕೊಂಡು ಹೋಗುವುದು ಎಷ್ಟು ದೊಡ್ಡ ಸುಖ ಎಂದು ಇವರಿಗೆ ಗೊತ್ತಿಲ್ಲ. ಗಾರ್ಡ್ ಎಂದರೆ ಹಾಗೆ. ಚೆಂಡನ್ನು ತರುವವನು, ಹತ್ತೂ ಜನರನ್ನು ಒಂದೇ ನೋಟದಲ್ಲಿ ಕಾಣುವವನು. ಅಂಥವನನ್ನು ಹಿಡಿದು ತಿರುಗಿಸಿದ್ದು ಕೋಚ್. ಸೀಸನ್ ಶುರುವಿನಲ್ಲಿ ಕರಿಹಲಗೆಯ ಮೇಲೆ ರಿಂಗ್‌ನ ಬುಡದಲ್ಲಿ, ಬಣ್ಣ ಬಳಿದ ಚೌಕದ ಅಂಚಿನಲ್ಲಿ ಒಂದು ಗುಣಿಸು ಚಿಹ್ನೆ ಹಾಕಿ, ಇದು ನೀನು ಅಂದಿದ್ದ. ಲೋ ಪೋಸ್ಟ್. ತಂಡದ ದಢೂತಿಗಳು ದನಗಳ ಹಾಗೆ ಬೆನ್ನಿಗೆ ಬೆನ್ನು ಉಜ್ಜುವ ಜಾಗ. "ಬೇರೆ ಕಾಲೇಜಿನ ಗಾರ್ಡ್‌ಗಳೆಲ್ಲ ನಿನ್ನ ಕಂಕುಳಿಗೆ ಬರ್ತಾರೆ. ದೂರದಿಂದ ಎಸೀತಾ ಇದ್ರೆ ನೀನೂ ಒಂದೇ ಅವರೂ ಒಂದೇ. ಒಳಗೆ ಕರ್ಕೊಂಡು ಹೋಗು. ಬೆನ್ನು ಹಾಕು, ದೂಡು, ತಿರುಗು, ತಲೆ ಮೇಲಿಂದ ಹಾಕು. ಮಗು ಕೈಯಿಂದ ಚಾಕೊಲೇಟ್ ಕಿತ್ಕೊಳ್ಳೋದು ಇದಕ್ಕಿಂತ ಕಷ್ಟ," ಅಂದಿದ್ದ ಕೋಚ್, ತಾನೇ ಕಿತ್ತುಕೊಂಡವನ ಮುಖ ಮಾಡಿ. ಒಂದು ಕಾಲದಲ್ಲಿ ಬೆಂಚಿನ ಮೇಲೆ ಕೂತೇ ನಿವೃತ್ತನಾದ ಆಟಗಾರ. ಕತ್ತಿನಲ್ಲಿ ಸದಾ ವಿಷಲ್, ಮದುವೆ ಮನೆಗೂ ಹಾಕಿಕೊಂಡು ಹೋಗುತ್ತಾನೆಂದು ಹುಡುಗರು ಹೇಳುತ್ತಿದ್ದರು.

ಆದರೆ ನಾಚಿಕೆಗೇಡಿನ ಸಂಗತಿಯೆಂದರೆ, ಅದು ಅವನಿಗೆ ಚೆನ್ನಾಗಿ ಬಂತು. ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೆನ್ನು ಕಲಿಯಿತು. ಹಿಂದಿನವನ ಎದೆ ಯಾವ ಕಡೆಗೆ ಭಾರವಾಗಿದೆ, ಯಾವ ಕಾಲು ಹಿಂದಿದೆ, ಉಸಿರು ಎಲ್ಲಿ ಕಟ್ಟಿದೆ, ಎಲ್ಲವೂ ಅಂಗಿಯ ಮೂಲಕ ಒಳಗೆ ಬರುತ್ತಿತ್ತು. ಒಂದು ದೂಡು. ಕುಳ್ಳನ ಬಾಯಿಂದ ಹುಕ್ ಎಂದು ಗಾಳಿ ಹೊರಬರುತ್ತದೆ. ಇನ್ನೊಂದು ದೂಡು, ಇನ್ನೊಂದು ಹುಕ್. ಆ ಸದ್ದಿಗೆ ತನ್ನ ಹೊಟ್ಟೆಯೊಳಗೆ ಬೆಚ್ಚಗಿನದೇನೋ ಹರಡುವುದನ್ನು ಅವನು ಗಮನಿಸಿದ್ದ, ಗಮನಿಸದಂತೆ ಇದ್ದ. ಎಲ್ಲಾ ಕುಳ್ಳರೂ ಒಂದೇ ಥರ ಉಸಿರು ಬಿಡುತ್ತಾರೆ, ಎಷ್ಟು ತಳ್ಳಿದರೂ ಮತ್ತೆ ಬಂದು ಅಂಟಿಕೊಳ್ಳುತ್ತಾರೆ, ಮರ್ಯಾದೆ ಇಲ್ಲದ ಜಾತಿ, ಎಂದುಕೊಳ್ಳುತ್ತಿದ್ದ. ಪ್ರಾಕ್ಟೀಸಿನಲ್ಲಿ ಆ ಉಸಿರು ಗುಂಡುಸೂಜಿಯದು.

ಗುಂಡುಸೂಜಿ ಅವರದೇ ತಂಡದ ಇನ್ನೊಬ್ಬ ಗಾರ್ಡ್. ಸಣ್ಣ ಮೈ, ದೊಡ್ಡ ತಲೆ, ಬಾಯಿ ತೆಗೆದರೆ ಡೈಲಾಗ್. ಕೋಚ್‌ನ ಪದ್ಧತಿಯಲ್ಲಿ ದಿನವೂ ಎಲ್ಲರ ಆಟ ಮುಗಿದ ಮೇಲೆ ಕಂಬ ಬೆನ್ನು ಹಾಕಿ ನಿಲ್ಲಬೇಕು, ಗುಂಡುಸೂಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎದೆಯೊಡ್ಡಿ ನಿಲ್ಲಬೇಕು. ಕೈ ಬಳಸಿದರೆ ಫೌಲ್ ಮಾಡುವ ಚಟ ಬೀಳುತ್ತದಂತೆ. "ಗೋಡೆಗೂ ಒಂದ್ ಮರ್ಯಾದೆ ಇರುತ್ತೆ ಗುರು, ಬಣ್ಣ ಹೊಡೀತಾರೆ. ನನಗೆ ನಿನ್ ಬೆವರು," ಅನ್ನುತ್ತಿದ್ದ ಗುಂಡುಸೂಜಿ, ಹುಕ್ ಹುಕ್‌ಗಳ ನಡುವೆ. ಒಮ್ಮೆ ಹೇಳಿದ್ದ, "ಕಂಬ, ನೀನು ದೂಡ್ತಿಲ್ಲ ಕಣೋ, ಮಲಗ್ತಿದೀಯ. ನಾನು ಇದ್ದೇ ಇರ್ತೀನಿ ಅನ್ಕೊಂಡು ಪೂರ್ತಿ ಮಲಗ್ತಿದೀಯ." ಗೋಡೆ ಮಾತಾಡಿದರೆ ಯಾರಾದರೂ ಕಿವಿಗೊಡುತ್ತಾರೆಯೇ.

ಹೋದ ತಿಂಗಳು ಒಂದು ಸಂಜೆ ಅವನು ಬೆನ್ನು ಹಾಕಿ ಒರಗಿದ, ಹಿಂದೆ ಏನೂ ಇರಲಿಲ್ಲ. ಅಷ್ಟೇ ಆದದ್ದು. ಗುಂಡುಸೂಜಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದ. ತರಗತಿಯಲ್ಲಿ ಕೂರುವವನ ಕುರ್ಚಿ ಎಳೆಯುತ್ತಾರಲ್ಲ, ಹಾಗೆ. ಮಂಡಿ ಬಗ್ಗಿತ್ತು, ಭಾರವೆಲ್ಲ ಹಿಂದಕ್ಕಿತ್ತು, ನೆಲ ಬಂದು ಸೊಂಟಕ್ಕೆ ಹೊಡೆಯಿತು. ಅಷ್ಟು ಉದ್ದದ ಮೈ ಬೀಳುವುದಕ್ಕೆ ಬಹಳ ಹೊತ್ತು ಬೇಕು. ಎಲ್ಲರಿಗೂ ನೋಡಲು ಸಮಯ ಸಿಕ್ಕಿತು. ನೆಲ ಒರೆಸುವ ಹೆಂಗಸೂ ಕೋಲು ಹಿಡಿದು ನಿಂತು ನಕ್ಕಳು. ಗುಂಡುಸೂಜಿ ಎರಡೂ ಕೈ ಮೇಲೆತ್ತಿ, ವಿಲನ್ ದನಿಯಲ್ಲಿ, "ಕಂಬ ಬಿತ್ತು, ಊರಿಗೆಲ್ಲ ಕರೆಂಟ್ ಹೋಯ್ತು," ಅಂದ. ಅವನೂ ನಕ್ಕ, ನಗಲೇಬೇಕಿತ್ತು. ನಗುತ್ತಲೇ ಬಟ್ಟೆ ಬದಲಿಸಿ, ನಗು ಆರುವ ಮೊದಲೇ ಕೋಚ್‌ನ ಕೋಣೆಗೆ ಹೋಗಿ ನಿಂತಿದ್ದ. ದೂರು ಹೇಳಲಿಲ್ಲ. ಅವನು ಅಂಥವನಲ್ಲ. ಕಾಳಜಿ ಹೇಳಿದ. "ಸರ್, ಅವನು ಪ್ರತಿಭಾವಂತ. ಆದ್ರೆ ತಮಾಷೆ ಜಾಸ್ತಿ ಆಯ್ತು. ಮ್ಯಾಚ್ ಹತ್ರ ಬರ್ತಿದೆ, ನನಗೆ ಸೊಂಟ ಹಿಡ್ಕೊಂಡ್ರೆ ಟೀಮಿಗೇ ತೊಂದ್ರೆ ಅಲ್ವಾ ಸರ್." ಕೋಚ್ ವಿಷಲ್ ಕಚ್ಚಿಕೊಂಡು ಕೇಳಿದ. ಮರುದಿನ ಗುಂಡುಸೂಜಿ ಮೊದಲ ಐವರಲ್ಲಿ ಇರಲಿಲ್ಲ. ಪ್ರಾಕ್ಟೀಸಿನಲ್ಲಿ ಜಾಗ ಬಿಟ್ಟು ಕದಲಿದರೆ ಬೆಂಚಿನಲ್ಲೂ ಇರುವುದಿಲ್ಲ ಎಂದು ಕೋಚ್ ಎಲ್ಲರೆದುರು ಹೇಳಿದ. ಆಮೇಲೆ ಗುಂಡುಸೂಜಿ ಕದಲಲಿಲ್ಲ. ಅದಕ್ಕಿಂತ ಒಳ್ಳೆಯ ಗೋಡೆ ಯಾವ ಕಾಲೇಜಿನಲ್ಲೂ ಇರಲಿಲ್ಲ. ಡೈಲಾಗೂ ನಿಂತಿತು, ಅದು ಮಾತ್ರ ಸ್ವಲ್ಪ ಕಿರಿಕಿರಿ ಮಾಡುತ್ತಿತ್ತು. ಹುಕ್, ಮೌನ, ಹುಕ್, ಮೌನ.

"ಇಳಿಯಪ್ಪ, ಸೀನ್ ಬಂತು," ಅಂದ ಭಾವ. ಹಾಲ್‌ನ ಮುಂದೆ ಕಾರು ನಿಂತಿತ್ತು. ಇಳಿಯುವಾಗ ತಲೆ ಬಡಿಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೋವಿನ ಎಣ್ಣೆ, ಒದ್ದೆ ಸಾಕ್ಸು. ಗುಂಡುಸೂಜಿ ನೀರಿನ ಬಾಟಲಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದ. ಬೆಂಚಿನವರಿಗೆ ಒಂದು ಕೆಲಸ ಬೇಕಲ್ಲ. ತನ್ನನ್ನು ನೋಡಿ ಅವನು ಏನಾದರೂ ಅನ್ನಬಹುದೆಂದು ಕಂಬ ಕಾದ. ಒಂದು ಬಾಟಲಿ ಚಾಚಿದನಷ್ಟೇ. ಅಂಗಿ ಬಿಚ್ಚಿದ್ದ ಅವನ ಎದೆಯ ಮೇಲೆ, ಪಕ್ಕೆಲುಬಿನ ಹತ್ತಿರ, ಒಂದು ಹಳದಿ ಕಲೆಯ ಪಕ್ಕದಲ್ಲಿ ಇನ್ನೊಂದು ನೀಲಿ ಕಲೆ ಇತ್ತು. ತನ್ನ ಬೆನ್ನಿನ ಮೂಳೆಗಳ ಅಚ್ಚು ಅದು. ಇಷ್ಟು ತಿಂಗಳಲ್ಲಿ ಅದನ್ನು ನೋಡಿರಲಿಲ್ಲ ಎಂಬುದು ಅವನಿಗೆ ವಿಚಿತ್ರವೆನಿಸಿತು. ನೋಡುವುದು ಹೇಗೆ, ಯಾವಾಗಲೂ ಬೆನ್ನು ಹಾಕಿಯೇ ಇದ್ದೆನಲ್ಲ. ಎಣ್ಣೆ ಹಚ್ಚಿಕೊಳ್ಳಬಾರದೇ, ಪೆದ್ದ, ಎಂದು ಮನಸ್ಸಿನಲ್ಲೇ ಬೈದ. ಬೈದ ಮೇಲೆ ಸಮಾಧಾನವಾಯಿತು.

ಎದುರಾಳಿ ಕಾಲೇಜಿನ ಗಾರ್ಡ್ ಕನ್ನಡಕದವನು. ಕನ್ನಡಕವನ್ನು ತಲೆಯ ಹಿಂದಕ್ಕೆ ರಬ್ಬರ್ ಪಟ್ಟಿಯಿಂದ ಬಿಗಿದಿದ್ದ. ಲೈಬ್ರರಿಯಿಂದ ದಾರಿ ತಪ್ಪಿ ಬಂದವನಂತಿದ್ದ. ಮೊದಲ ಬಾರಿ ಬೆನ್ನಿಗೆ ಬಂದು ನಿಂತಾಗ ಕಂಬಕ್ಕೆ ಮರುಕವೇ ಆಯಿತು. ದೂಡಿದ, ಹುಕ್. ದೂಡಿದ, ಹುಕ್. ತಿರುಗಿ ತಲೆಯ ಮೇಲಿಂದ ಹಾಕಿದ. ಮತ್ತೆ ಹಾಕಿದ. ಕೋಚ್ ಬೆಂಚಿನ ಮುಂದೆ ಕೈ ಕಟ್ಟಿ ನಿಂತು ಮುಗುಳ್ನಗುತ್ತಿದ್ದ, ಎತ್ತರವನ್ನು ತಾನೇ ಕಂಡುಹಿಡಿದವನಂತೆ. ಆಯ್ಕೆಗಾರರು ಮೂರನೇ ಸಾಲಿನಲ್ಲಿದ್ದರು, ಒಬ್ಬ ಬೋಳ, ಒಬ್ಬ ಟೋಪಿ. ಟೋಪಿ ಬೋಳನ ಕಿವಿಯಲ್ಲಿ ಏನೋ ಹೇಳಿದ, ಬೋಳ ತಲೆಯಾಡಿಸಿದ. ಹಾಸ್ಟೆಲಿನ ಬಾಗಿಲುಗಳು ಇನ್ನಷ್ಟು ಎತ್ತರವಾದವು. ಗ್ಯಾಲರಿಯಿಂದ ಭಾವನ ಸಿಳ್ಳೆ ಕೇಳಿತು, ಟಾಕೀಸಿನ ಮುಂದಿನ ಬೆಂಚಿನ ಸಿಳ್ಳೆ. ಕಂಬಕ್ಕೆ ಕಿವಿ ಬಿಸಿಯಾಯಿತು. ಇಂಥ ಜನರಿಗಾಗಿ ಆಡಬೇಕಲ್ಲ. ಅರ್ಧದ ಬಿಡುವಿನಲ್ಲಿ ಗುಂಡುಸೂಜಿ ನೀರು ಕೊಡುತ್ತ, ಅವನತ್ತ ನೋಡದೆ, ಮೆಲ್ಲಗೆ ಅಂದ, "ಕನ್ನಡಕ ಲೆಕ್ಕ ಹಾಕ್ತಿದಾನೆ. ಪೂರ್ತಿ ಒರಗಬೇಡ."

"ನೀನು ಬಾಟಲಿ ನೋಡ್ಕೋ," ಅಂದ ಕಂಬ.

ಬಿಡುವಾದ ಮೇಲಿನ ಮೊದಲ ಚೆಂಡು. ಕೈಗೆ ಬಂತು. ಬೆನ್ನ ಹಿಂದೆ ಎದೆ ಇತ್ತು, ಬಿಸಿ ಇತ್ತು, ಉಸಿರಿತ್ತು. ಅವನು ಸೊಂಟ ಇಳಿಸಿ ಒರಗಿದ. ಎದೆ ಇರಲಿಲ್ಲ. ಬೀಳುವಾಗ ಅವನಿಗೆ ಮೇಲಿನ ದೀಪಗಳು ಕಂಡವು, ರಿಂಗ್‌ನ ಬಲೆ ಕೆಳಗಿನಿಂದ ಕಂಡಿತು, ಆಮೇಲೆ ನೆಲ. ಚೆಂಡನ್ನು ಎದೆಗವಚಿಕೊಂಡೇ ಗಾಬರಿಯಲ್ಲಿ ಎದ್ದು ನಿಂತ. ಚೆಂಡು ಹಿಡಿದು ಬಿದ್ದವನು ಹಾಗೆ ಏಳಬಾರದು, ಶಾಲೆಯ ಬಟಾಣಿಗೂ ಗೊತ್ತಿದ್ದ ನಿಯಮ. ವಿಷಲ್ ಆಯಿತು, ಚೆಂಡು ಅವರದಾಯಿತು. ಕನ್ನಡಕದವನು ನಗಲೂ ಇಲ್ಲ, ಪಟ್ಟಿ ಸರಿ ಮಾಡಿಕೊಂಡ. ಎರಡನೇ ಬಾರಿ ಕಂಬ ಅರ್ಧ ಒರಗಿದ, ಹಿಂದೆ ಎದೆ ಇತ್ತು, ನಂಬಿದ, ಇನ್ನರ್ಧ ಒರಗಿದ, ಇರಲಿಲ್ಲ. ಚೆಂಡು ಕೈಬಿಟ್ಟು ಉರುಳಿತು. ಕೂತಲ್ಲಿಂದಲೇ ಅವನು ಕನ್ನಡಕದವನ ಬೆನ್ನು ದೂರವಾಗುವುದನ್ನು, ಆ ತುದಿಯಲ್ಲಿ ಒಬ್ಬನೇ ನಿಧಾನವಾಗಿ ಚೆಂಡು ಹಾಕುವುದನ್ನು ನೋಡಿದ. ಹಾಲ್ ನಗುತ್ತಿತ್ತು. ಬೋಳ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಮೂರನೇ ಬಾರಿ ಅವನಿಗೆ ಒರಗಲಾಗಲಿಲ್ಲ. ಹಿಂದೆ ಎದೆ ಅಂಟಿಕೊಂಡೇ ಇತ್ತು, ದೂಡು ಎಂದು ಕೇಳಿಕೊಳ್ಳುವಂತಿತ್ತು, ಆದರೆ ಅವನ ಬೆನ್ನು ಹೆದರಿದ ನಾಯಿಯ ಹಾಗೆ ಒಳಕ್ಕೆ ಸೆಳೆದುಕೊಂಡಿತು. ಮಂಡಿ ಬಗ್ಗಿಸಿ, ಇಲ್ಲದ ಸ್ಟೂಲಿನ ಮೇಲೆ, ಬಚ್ಚಲಮನೆಯ ಕನ್ನಡಿಯೆದುರು ನಿಂತ ಹಾಗೆ ನಿಂತೇ ಇದ್ದ. ಯಾರೋ ಪಕ್ಕದಿಂದ ಬಂದು ಚೆಂಡನ್ನು ಮೇಜಿನ ಮೇಲಿಂದ ಎತ್ತಿಕೊಂಡಂತೆ ಎತ್ತಿಕೊಂಡು ಹೋದರು.

"ಸರಿದ್ರೆ ಏನ್ ಮಾಡ್ಬೇಕು ಅಂತ ಪ್ರಾಕ್ಟೀಸೇ ಮಾಡಿಲ್ವೇನೋ?" ಕೋಚ್ ಕಿರುಚಿದ. ಪ್ರಶ್ನೆ ಯಾರನ್ನು ಕೇಳುತ್ತಿದ್ದೇನೆಂದು ಅವನಿಗೇ ಅರ್ಧದಲ್ಲಿ ಹೊಳೆದಿರಬೇಕು, ವಿಷಲ್ ಬಾಯಿಗೆ ಹಾಕಿಕೊಂಡ. ಆಮೇಲೆ ಬೆರಳು ತೋರಿಸಿದ. ಗುಂಡುಸೂಜಿ ಎದ್ದ, ಕಂಬ ಕೂತ. ಕೂತ ಜಾಗ ಇನ್ನೂ ಬೆಚ್ಚಗಿತ್ತು, ಕಾಲ ಬಳಿ ಬಾಟಲಿಗಳ ಬುಟ್ಟಿ ಇತ್ತು. ಗುಂಡುಸೂಜಿ ಏನೂ ಪವಾಡ ಮಾಡಲಿಲ್ಲ. ಅದನ್ನೂ ಕಂಬ ತಿರಸ್ಕಾರದಿಂದಲೇ ನೋಡಿದ. ಚೆಂಡು ತಂದ, ಕೊಟ್ಟ, ಓಡಿದ, ಮತ್ತೆ ತಂದ. ಅಂಚೆಯವನ ಹಾಗೆ, ಮುಖ ಮುಂದಕ್ಕಿಟ್ಟುಕೊಂಡು. ತಂಡ ಎರಡೇ ಪಾಯಿಂಟಿನಿಂದ ಗೆದ್ದಿತು. ಸೋತಿದ್ದರೆ ಚೆನ್ನಾಗಿತ್ತು. ಸೋಲಿನಲ್ಲಿ ಎಲ್ಲರ ಜೊತೆ ತಲೆ ತಗ್ಗಿಸಿ ಕೂರಬಹುದಿತ್ತು. ಗೆಲುವಿನಲ್ಲಿ ಎದ್ದು ಚಪ್ಪಾಳೆ ತಟ್ಟಬೇಕಾಯಿತು. ಮೂರನೇ ಸಾಲಿನ ಎರಡು ಕುರ್ಚಿಗಳು ಯಾವಾಗಲೋ ಖಾಲಿಯಾಗಿದ್ದವು.

ಎಲ್ಲರೂ ಬಟ್ಟೆ ಬದಲಿಸಲು ಹೋದರು. ಅವನು ಹೋಗಲಿಲ್ಲ, ಒಳಗೆ ನಗು ಕೇಳುತ್ತಿತ್ತು. ಗ್ಯಾಲರಿಯ ಕಟಾಂಜನದ ಆಚೆ ಅಕ್ಕ, ಭಾವ ಕೂತಿದ್ದರು. ಅವರ ಜೊತೆ ಆಗಲೇ ಗುಂಡುಸೂಜಿ ನಿಂತು ಏನೋ ಹೇಳುತ್ತಿದ್ದ, ಅಕ್ಕ ಅವನಿಗೆ ಡಬ್ಬಿಯಿಂದ ಏನೋ ತಿನ್ನಲು ಕೊಡುತ್ತಿದ್ದಳು. ತಮ್ಮನಿಗೆಂದು ಕಟ್ಟಿಕೊಂಡು ಬಂದದ್ದು. ಅವನು ಹತ್ತಿರ ಹೋದಾಗ ಮಾತು ನಿಂತಿತು. ಭಾವ ಏನಾದರೂ ಸಿನಿಮಾ ಮಾತು ಆಡುತ್ತಾನೆಂದು ಕಾದ. ಉತ್ತರ ಸಿದ್ಧವಿತ್ತು, ಈ ಸಲ ಬಾಯಲ್ಲೂ ಏಕವಚನ ಬರುವುದಿತ್ತು. ಭಾವ ಸುಮ್ಮನೆ ಮಂಡಿ ಸವರಿಕೊಂಡ.

"ನೀನು ಬಿದ್ದಾಗೆಲ್ಲ ಇವರು ಬ್ರೇಕ್ ಒತ್ತಿದ್ರು ಕಣೋ," ಅಂದಳು ಅಕ್ಕ. "ಇಲ್ಲೇ, ನೆಲದ ಮೇಲೆ. ಮುಂದಿನ ಸೀಟಿನವರು ತಿರುಗಿ ಬೈದ್ರು. ಕಾಲು ನೋಯ್ತಿದೆ ಈಗ."

"ಅಭ್ಯಾಸ," ಅಂದ ಭಾವ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ. "ಅಷ್ಟು ದೂರದಿಂದ ಹಿಡಿಯಲ್ಲ ಅಂತ ಗೊತ್ತು. ಆದ್ರೂ ಕಾಲು ಕೇಳಲ್ಲ."

ಪೆದ್ದು ಕಾಲು, ಎಂದುಕೊಳ್ಳಲು ಕಂಬ ನೋಡಿದ. ಮಾತು ಮನಸ್ಸಿನಲ್ಲೇ ಅಡ್ಡಡ್ಡ ಸಿಕ್ಕಿಕೊಂಡಿತು. ಗುಂಡುಸೂಜಿ ಬಾಯಿ ಒರೆಸಿಕೊಂಡು ಕಟಾಂಜನ ಹಾರಿ ಇಳಿದ, ರಿಂಗ್‌ನ ಕೆಳಗೆ ಬಿದ್ದಿದ್ದ ಚೆಂಡನ್ನು ಎತ್ತಿಕೊಂಡ.

"ಬಾ," ಅಂದ. "ತಿರುಗು."

"ಈಗಲಾ? ಹುಚ್ಚಾ?"

"ಮುಂದಿನ ವಾರ ಇನ್ನೊಂದು ಮ್ಯಾಚಿದೆ. ಆ ಕಾಲೇಜಲ್ಲೂ ಕುಳ್ಳರಿದಾರೆ. ಇವತ್ತಿನದು ಅವರಿಗೂ ಮುಟ್ಟಿರುತ್ತೆ."

ಕಂಬ ಚೆಂಡು ಹಿಡಿದು ನಿಂತ. ಒಂದು ಮಾತು ಹೇಳಬೇಕಿತ್ತು, ಕೋಚ್‌ನ ಕೋಣೆಯ ಮಾತು. ಗಂಟಲಿಗೆ ಬಂದದ್ದು ಬೇರೆ. "ಹೋದ ತಿಂಗಳು ನೀನು ಸರಿದಿದ್ಯಲ್ಲ..."

"ಗೊತ್ತು," ಅಂದ ಗುಂಡುಸೂಜಿ. "ಕೋಚ್ ರೂಮಿನ ಕಿಟಕಿ ಮುಚ್ಚಲ್ಲ ಕಣೋ. ತುಕ್ಕು ಹಿಡಿದಿದೆ. ಪ್ರತಿಭಾವಂತ ಅಂದೆ ನೋಡು, ಅದು ಚೆನ್ನಾಗಿತ್ತು. ನಮ್ಮಮ್ಮನಿಗೂ ಹೇಳ್ದೆ."

ಅವನ ಮುಖದಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಏನಿತ್ತೆಂದು ನೋಡಲು ಕಂಬಕ್ಕೆ ಧೈರ್ಯ ಬರಲಿಲ್ಲ, ತಿರುಗುವುದೇ ಸುಲಭವಾಗಿತ್ತು. ತಿರುಗಿ ಮಂಡಿ ಬಗ್ಗಿಸಿದ. ಬೆನ್ನಿಗೆ ಎದೆ ಬಂದು ತಾಗಿತು. ಆ ನೀಲಿ ಕಲೆ ಎಲ್ಲಿ ತಾಗುತ್ತಿದೆಯೆಂದು ಅವನಿಗೆ ಈಗ ಗೊತ್ತಿತ್ತು.

"ಕೈ ಕಟ್ಕೊಂಡಿದೀಯಾ?"

"ಇಲ್ಲ."

"ಸರೀತೀಯಾ?"

"ಕ್ಲೈಮ್ಯಾಕ್ಸ್ ಮೊದಲೇ ಹೇಳ್ಬಿಟ್ರೆ ಟಿಕೆಟ್ ಯಾರ್ ತಗೋತಾರೆ," ಅಂದ ಗುಂಡುಸೂಜಿ ಬೆನ್ನ ಹಿಂದಿನಿಂದ. ತಿಂಗಳ ಮೇಲೆ ಕೇಳಿದ ಮೊದಲ ಡೈಲಾಗು. "ಒರಗೋ, ಬಟಾಣಿ."

ಅಕ್ಕ ಹೇಳಿಬಿಟ್ಟಿದ್ದಳು. ಅವನು ಹಲ್ಲು ಕಚ್ಚಿ, ಇದ್ದ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟ. ಎದೆ ಇರಲಿಲ್ಲ. ದೀಪಗಳು, ಬಲೆ, ನೆಲ. ಖಾಲಿ ಹಾಲ್‌ನಲ್ಲಿ ಸದ್ದು ದೊಡ್ಡದಾಗಿ ಕೇಳಿತು. ನೆಲ ಒರೆಸುವ ಹೆಂಗಸು ಆ ತುದಿಯಿಂದ, "ಸ್ವಲ್ಪ ಇರಪ್ಪ, ಅಲ್ಲಿಗೂ ಬರ್ತೀನಿ," ಅಂದಳು. ಗುಂಡುಸೂಜಿ ಕೈ ಕೊಡಲಿಲ್ಲ, ನಗಲಿಲ್ಲ. ಪಕ್ಕೆಯನ್ನು ಒಮ್ಮೆ ಸವರಿಕೊಂಡು, "ಇನ್ನೊಂದ್ ಟೇಕ್," ಅಂದ.

ಅವನು ಎದ್ದ. ಚೆಂಡು ತಂದು, ಬೆನ್ನು ಕೊಟ್ಟು ನಿಂತ. ಒರಗುವ ಮೊದಲು ಒಮ್ಮೆ ಗ್ಯಾಲರಿಯತ್ತ ನೋಡಿದ. ಭಾವನ ಬಲಗಾಲು ಆಗಲೇ ಮೇಲೆದ್ದಿತ್ತು.